ಚಿಲ್ಲರೆ

ಅಪ್ಪ ಬದುಕಿಡೀ ಇಸ್ತ್ರಿಗೆ ಕಾಸು ಕೊಟ್ಟವನಲ್ಲ.
ರಾತ್ರಿ ಅಂಗಿ ಮಡಿಸಿ ಹಾಸಿಗೆಯಡಿ ಇಟ್ಟು
ಮೇಲೆ ತಾನೇ ಮಲಗುತ್ತಿದ್ದ, ಅಲುಗದೆ.
ಬೆಳಿಗ್ಗೆ ಅವನ ಬೆನ್ನ ಬಿಸಿಯೇ
ತೋಳಿನುದ್ದಕ್ಕೂ ಗೆರೆಯಾಗಿರುತ್ತಿತ್ತು.

ಅವನ ತಿಥಿಗೆ ಎತ್ತಿಟ್ಟ ದುಡ್ಡಲ್ಲಿ ಈ ಸಲ
ಎಲೆ ಹಾಕಿಸಲಿಲ್ಲ ನಾನು.
ಚಿಕ್ಕಪೇಟೆಗೆ ಹೋಗಿ ಹಿತ್ತಾಳೆ ಇಸ್ತ್ರಿಪೆಟ್ಟಿಗೆ ತಂದೆ.
ಏಳು ಕೆ.ಜಿ. ಬಸ್ಸಲ್ಲಿ ತೊಡೆಯ ಮೇಲೆ ಕೂತಿತ್ತು
ನಿದ್ದೆಹೋದ ಮಗುವಿನ ಹಾಗೆ.
ಅತ್ತಿಗೆ ಕೇಳಿದಳು:
"ಮಾವನವರಿಗೆ ತಲುಪುತ್ತಾ, ಇಸ್ತ್ರಿಪೆಟ್ಟಿಗೆ?"
ಗೊತ್ತಿಲ್ಲ ಎಂದೆ.
ವಡೆ ತಲುಪಿದ್ದೂ ಗೊತ್ತಿಲ್ಲವಲ್ಲ.

ಶ್ರೀನಗರದ ಅಡ್ಡರಸ್ತೆ, ಹೊಂಗೆಮರ, ಅದರಡಿ
ಗಾಲಿ ವಾಲಿದ ಗಾಡಿ, ಗಂಗರತ್ನ.
ಪೆಟ್ಟಿಗೆ ಅವಳದಲ್ಲ, ದಿನಕ್ಕೆ ಅರವತ್ತು ಬಾಡಿಗೆ.
ಮಳೆ ಹಿಡಿದು ಬಟ್ಟೆ ಬಾರದ ದಿನವೂ ಅರವತ್ತು,
ಮಗಳಿಗೆ ಜ್ವರ ಬಂದ ದಿನವೂ.

ಕೊಟ್ಟಾಗ ಅವಳು ಕೈಮುಗಿಯಲಿಲ್ಲ.
ತಿರುಗಿಸಿ ನೋಡಿದಳು, ಅಡಿ ತಟ್ಟಿದಳು,
ಹಿಡಿಯ ಸ್ಕ್ರೂ ಸಡಿಲ ಎಂದಳು.
ಆಮೇಲೆ, "ಎಷ್ಟು ತಿಂಗಳಲ್ಲಿ ತೀರಿಸಬೇಕು?"
ತೀರಿಸುವುದೇನಿಲ್ಲ ಎಂದೆ.
ನನ್ನನ್ನೇ ದಿಟ್ಟಿಸಿದಳು,
ಬಟ್ಟೆಯಲ್ಲಿ ಯಾರೋ ಮರೆತ ಗುಂಡುಸೂಜಿ ಹುಡುಕುವವಳಂತೆ.

ನಾಲ್ಕು ತಿಂಗಳು ಆ ಕಡೆ ಸುಳಿಯಲಿಲ್ಲ.
ನಿಜ ಹೇಳಬೇಕೆಂದರೆ, ಸುಳಿಯುತ್ತಿದ್ದೆ,
ಎದುರಿನ ಫುಟ್‌ಪಾತಿನಲ್ಲಿ.
ಅಲ್ಲಿಂದ ಪೆಟ್ಟಿಗೆ ಹೊಳೆಯುವುದು ಕಂಡು
ಒಳಗೊಳಗೇ ನಾನೂ ಒಂಚೂರು ಹೊಳೆಯುತ್ತಿದ್ದೆ.

ನಿನ್ನೆ ಆರು ಬಟ್ಟೆ ಒಯ್ದೆ.
ಗಾಡಿಗೆ ಹೊಸ ಗಾಲಿ. ಪಕ್ಕದಲ್ಲೊಂದು ಹಳೇ ಮೇಜು,
ಮೇಜಿನ ಮೇಲೆ ಎರಡನೇ ಪೆಟ್ಟಿಗೆ, ಸೆಕೆಂಡ್ ಹ್ಯಾಂಡು,
ಬಾಡಿಗೆಯಿಲ್ಲದ ದಿನಗಳ ಕಾಸು ಕೂಡಿಸಿ ಕೊಂಡದ್ದು.
ಹೊಸಬಳೊಬ್ಬಳು ಕೊರಳಪಟ್ಟಿಗೆ ನೀರು ಚಿಮುಕಿಸಿ
ಬೈಸಿಕೊಳ್ಳುತ್ತಿದ್ದಳು.

"ನಲವತ್ತೆಂಟು" ಎಂದಳು ಗಂಗರತ್ನ.
ಒಂದು ಕ್ಷಣ, ಸಣ್ಣತನ ಅನ್ನಿ,
ನನಗೂನಾ, ಅನ್ನಿಸಿತು.
ಐವತ್ತರ ನೋಟು ಚಾಚಿ "ಇರಲಿ ಬಿಡಿ" ಎಂದೆ.
"ಯಾಕಿರಬೇಕು?"
ಡಬ್ಬಿ ಅಲ್ಲಾಡಿಸಿ, ತಡಕಾಡಿ,
ಎರಡು ರೂಪಾಯಿ ನನ್ನ ಅಂಗೈಗೆ ಒತ್ತಿದಳು,
ಕೆಂಡದ ಬಿಸಿ ಹತ್ತಿದ ಬೆರಳಿಂದ.

ನಾಣ್ಯ ಮನೆ ಮುಟ್ಟುವವರೆಗೂ ಬೆಚ್ಚಗಿತ್ತು
ಅಪ್ಪ ಆಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ.

ಅಂಗಿ ಬಿಡಿಸಿ ನೋಡಿದರೆ
ಎಡತೋಳಿಗೆ ಎರಡು ಗೆರೆ ಬಿದ್ದಿದೆ.
ನಾಳೆ ಹೋಗಿ ಜಗಳ ಆಡಬೇಕು.