ಲೋಳೆ

ರಾತ್ರಿ ಹನ್ನೊಂದೂವರೆ. ಮತ್ರಾ ಕಾರ್ನಿಷ್‌ನ ಫಾರ್ಮಸಿ,
ಶಟರ್ ಅರ್ಧ ಎಳೆದಿದ್ದೆ.
ಅದರಡಿ ಬಗ್ಗಿ ಬಂದರು ಪೊಡಿಯಬ್ಬ,
ಕಾಲಲ್ಲಿ ಮೀನು ಸೂಕಿನ ಗಮ್‌ಬೂಟು, ಕೈಯಲ್ಲಿ
ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ.

“ಎಂತ ಮಾತ್ರೆ ಮಾರಾಯ್ರೆ ಇದು?
ಎರಡು ತಿಂಗಳಾಯಿತು. ನುಂಗಿದ್ದು ನಾನೇ,
ನೀರು ಕುಡಿದದ್ದೂ ನಾನೇ.
ಒಳಗೆ ಹೋದದ್ದು ಎಲ್ಲಿಗೆ ಹೋಯಿತು?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವೆ.
ಬಾಯಿಗೆ ಬಂದದ್ದು ನೆತ್ತರಿಗೆ ಬಾರದಿದ್ದರೆ
ಅದಕ್ಕೊಂದು ಗಾದೆ ನಮ್ಮಲ್ಲಿಲ್ಲ.

ಬಿಲ್ಲಿನ ಬೆನ್ನಿಗೆ ಗೀಚಿದೆ: ಒಂದು ಕೊಳವೆ,
ಒಳಗೋಡೆಯ ತುಂಬ ಬೆರಳು ಬೆರಳು ಕುಚ್ಚು,
ಕುಚ್ಚಿನ ಮೇಲೆ, ಪೆನ್ನು ಅಡ್ಡ ಹಿಡಿದು ಉಜ್ಜಿ,
ಲೋಳೆ.
ಬೆಂಡೆ ಕೊಯ್ದ ಚೂರಿಗೆ ಹತ್ತುತ್ತದಲ್ಲ, ಅಂಥದು.
ಬಹುಪಾಲು ನೀರೇ, ಆದರೂ ನೀರಲ್ಲ,
ಸಕ್ಕರೆಯ ರೋಮ ಹೊದ್ದ ಎಳೆಗಳ ಬಲೆ.
ಪುಟಾಣಿ ಅಣು ಸದ್ದಿಲ್ಲದೆ ನುಸುಳುತ್ತದೆ.
ಎಣ್ಣೆಯ ಸ್ನೇಹದ್ದು ಅಂಟುತ್ತದೆ, ತಡವರಿಸುತ್ತದೆ.
ಎಳೆಗಳಿಗೋ ಋಣ ವಿದ್ಯುತ್ತು; ಮೈತುಂಬ ಧನ ಹೊತ್ತು ಬಂದದ್ದು
ಋಣಕ್ಕೆ ಸಿಕ್ಕಿ ಅಲ್ಲೇ ಉಳಿಯುತ್ತದೆ.
(ಈ ಪಾಠ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ,
ತಿಳಿದದ್ದು ಮಸ್ಕತ್ತಿಗೆ ಬಂದ ಮೇಲೆ.)

“ಅಂದರೆ ಏರ್‌ಪೋರ್ಟಿನ ಕೌಂಟರು.”

ಅಲ್ಲ. ಕೌಂಟರು ನಿಂತಲ್ಲೇ ನಿಂತಿರುತ್ತದೆ.
ಇದು ತಾನೇ ಹರಿಯುತ್ತದೆ.
ಹೊಸತು ಉಕ್ಕಿ, ಹಳತು ಜಾರಿ,
ಕಾದು ನಿಂತವರನ್ನು ಸಾಲಿನ ಸಮೇತ
ಹೊತ್ತು ಕೆಳಗೆ ಒಯ್ಯುತ್ತದೆ.

ಮತ್ತೆ, ಓದಿದ ಜಂಬಕ್ಕೆ, ಸೇರಿಸಿದೆ:
ಜಾರುವ ಅಂಗಿ ತೊಟ್ಟ ಕಣಗಳನ್ನು ಮಾಡುತ್ತಿದ್ದಾರೆ ಲ್ಯಾಬಿನಲ್ಲಿ,
ಲೋಳೆಯನ್ನೇ ತೆಳುಮಾಡುವ ಮದ್ದೂ ಹುಡುಕುತ್ತಿದ್ದಾರೆ,
ತೆಗೆದೇಬಿಟ್ಟರೆ ದಾರಿ ಸಲೀಸು.

ಪೊಡಿಯಬ್ಬ ನಗಲಿಲ್ಲ. ಎರಡೂ ಅಂಗೈ
ಗಾಜಿನ ಮೇಲೆ ಅಂಗಾತ ಇಟ್ಟರು.

“ಲೋಳೆ ತೆಗೆಯುವುದಾ?
ಬಲೆಯಿಂದ ಬಿಡಿಸುವಾಗ ಒಣ ಕೈಯಲ್ಲಿ ಹಿಡಿಯಬಾರದು ಮೀನು.
ಮರಿ ಸಿಕ್ಕಿದರೆ ನೀರಿಗೆ ವಾಪಸು ಬಿಡುತ್ತೇವಲ್ಲ,
ಒಣ ಕೈ ತಾಗಿದ್ದೂ ಈಜಿಕೊಂಡೇ ಹೋಗುತ್ತದೆ,
ಬದುಕಿತು ಅಂತ ಕಾಣುತ್ತದೆ.
ನಾಲ್ಕು ದಿನಕ್ಕೆ ಹುಣ್ಣೆದ್ದು ತೇಲುತ್ತದೆ.
ಲೋಳೆ ಹೋದದ್ದನ್ನು ಬೇರೆ ಮೀನು ತಿನ್ನಬೇಕಂತಿಲ್ಲ,
ಸಮುದ್ರವೇ ತಿನ್ನುತ್ತದೆ.
ಕೈ ಒದ್ದೆ ಮಾಡದೆ ಮುಟ್ಟಿದರೆ
ಬಾಪ ಹುಟ್ಟು ಎತ್ತಿ ಹೊಡೆಯುತ್ತಿದ್ದರು.”

ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಬಿಲ್ಲಿನ ಮೇಲಿನ ಚಿತ್ರ ನೋಡಿದೆ:
ನಾನು ಗೀಚಿದ್ದು ಅಡ್ಡಗೋಡೆಯನ್ನು.
ಅವರು ಓದಿದ್ದು ಚರ್ಮವನ್ನು.

ಮಾತ್ರೆ ಯಾವಾಗ ನುಂಗುತ್ತೀರಿ, ಕೇಳಿದೆ,
ಮೊದಲೇ ಕೇಳಬೇಕಿದ್ದದ್ದು.
“ಹರಾಜು ಮುಗಿದು, ಪರೋಟ, ಕರಕ್ ಚಹಾದ ಜೊತೆ.”
ಹಾಗೋ.
ಪಟ್ಟಿಯ ಮೇಲೆ ದಪ್ಪಕ್ಕೆ ಕನ್ನಡದಲ್ಲೇ ಬರೆದೆ:
ಎದ್ದ ಕೂಡಲೇ. ಬರೀ ಹೊಟ್ಟೆ. ಬರೀ ನೀರು.
ಒಂದು ಗಂಟೆ ಚಹಾ ಇಲ್ಲ.
“ಒಂದು ಗಂಟೆಯಾ!” ಅಂದರು,
ಗಡೀಪಾರಿನ ಆದೇಶ ಕೇಳಿದವರ ಹಾಗೆ,
ಬಗ್ಗಿ ಶಟರ್ ದಾಟಿ ಹೋದರು.

ಗಾಜಿನ ಮೇಲೆ ಎರಡು ಕೈಯ ಗುರುತು,
ಅಂಟಂಟು, ಬಂಗುಡೆಯ ವಾಸನೆ,
ಟ್ಯೂಬ್‌ಲೈಟಿಗೆ ಹೊಳೆಯುತ್ತಿತ್ತು.
ಒರೆಸಲು ಬಟ್ಟೆ ಎತ್ತಿಕೊಂಡವಳು
ಯಾಕೋ ನಲ್ಲಿಯ ತನಕ ಹೋಗಿ
ಮೊದಲು ಕೈ ಒದ್ದೆ ಮಾಡಿಕೊಂಡೆ.