ಗುಂಡಿ ಗುರುತು

ಮೇ ತಿಂಗಳು. ಶಹಾಬಜಾರದ ಓಣಿಯೇ ಒಂದು ಭಟ್ಟಿ.
ಅಂಥಾದ್ರಾಗ ನಮ್ಮವ್ವ ಇನ್ನೊಂದು ಭಟ್ಟಿಗಿ ಹೊರಡತಿದ್ದಳು,
ತಲಿಮ್ಯಾಲ ಪರಾತ, ಪರಾತದ ಮ್ಯಾಲ ಹಸಿ ಅರಿವಿ,
ಹಿಂದ ನಾನು, ಬಂಡೆಪ್ಪ, ಬರಿಗಾಲಿಲೆ
ನೆರಳಿಂದ ನೆರಳಿಗಿ ಜಿಗಿಕೋತ.

ನಸುಕಿನ್ಯಾಗೇ ಡಾಲ್ಡಾ ತಿಕ್ಕಲಿಕ್ಕ ಕುಂತಿರತಿದ್ದಳು.
ಬಳಿ ಮೊಳಕೈತನಕ ಏರಿಸಿ, ಅಂಗೈ ಬುಡದಿಂದ,
ಪಿಟ್ಟಿ ಸಕ್ಕರಿ ಕೂಡಿ ಬೆಳ್ಳಗಾಗಬೇಕು,
ಬೆಳ್ಳಗಾದ ಮ್ಯಾಲ ಹಗುರಾಗಬೇಕು,
ಒಂದು ಚೂರು ಚಿವುಟಿ ನೀರಾಗ ಬಿಟ್ರ
ತೇಲಬೇಕು.
ಮುಳುಗಿದ್ರ ಮತ್ತ ಕುಂತಳು ಅಂತಲೇ.
"ಇಲ್ಲಿ ಕೈ ನೋವಾಗಲಿಲ್ಲಂದ್ರ
ಅಲ್ಲಿ ಹಲ್ಲು ನೋವಾಗತಾವ" ಅಂತಿದ್ದಳು.

ಲಾಡ್ಲೇಸಾಬನ ಭಟ್ಟಿ ಮುಂಜಾನಿ ಪಾವಿಗಿ,
ಮಧ್ಯಾಹ್ನ ಮನಿ ಮಂದಿಗಿ.
ಅವನ ತಗಡಿನ ಟ್ರೇ, ನಮ್ಮ ಹಿಟ್ಟು.
ಫರಸಿ ಮ್ಯಾಲ ಸಾಲಾಗಿ ಕುಂತು
ಹೆಣ್ಮಕ್ಕಳೆಲ್ಲ ಉಂಡಿ ಕಟ್ಟಿ ಒತ್ತತಿದ್ದರು.
ಯಾರ ಖಟಾಯಿ ಯಾರದು ತಿಳೀಬೇಕಲ್ಲ?
ದರ್ಜಿ ಮನಿದು ಅಂಗುಸ್ತಾನ,
ಗ್ಯಾನಪ್ಪ ಮಾಸ್ತರ ಹೆಂಡತಿದು ಪೆನ್ನಿನ ಟೋಪಿ,
ಖೈರುನ್ನಿಸಾ ಆಪಾದು ಬಾಚಣಿಕಿ ಹಲ್ಲು
(ಹೊಸಾದು, ಬರೇ ಇದಕ್ಕಂತಲೇ ಇಟ್ಟದ್ದು).
ನಮ್ಮವ್ವಗ ಅಕ್ಷರ ಬರತಿದ್ದಿಲ್ಲ.
ಅಪ್ಪನ ಡಿಪೋದ ಅಂಗಿಯಿಂದ ಉದುರಿದ ಖಾಕಿ ಗುಂಡಿ
ಸೆರಗಿನ ಗಂಟಿನಾಗ ತಂದು ಒತ್ತತಿದ್ದಳು.
ಗುಂಡಿಗಿ ನಾಕು ತೂತು,
ಹಿಟ್ಟಿನ ಮ್ಯಾಲ ನಾಕು ಸಣ್ಣ ಮೊಳಕಿ.
ನಮ್ಮ ಮನಿ ಸಹಿ ಅದು.

ಒಂದು ವರ್ಷ ಅದಲಿ ಬದಲಿ ಆತು.
ಮನಿಗಿ ಬಂದು ಡಬ್ಬಿ ತೆಗದ್ರ ಬಾಚಣಿಕಿ ಗೆರಿ.
ಅವ್ವ ನೋಡೂತನಕ ನನ್ನ ಹೊಟ್ಟಿಗಿ ಒಂದು,
ಬಂಡೆಪ್ಪನ ಹೊಟ್ಟಿಗಿ ಎರಡು ಹೋಗಿದ್ದವು.
ಆಕಿ ಮೂಸಿ ಅಂದಳು, "ತುಪ್ಪದ್ದಾವ. ನಮ್ಮವಲ್ಲ."

ಮೂರು ಖಟಾಯಿ ಸಾಲ.
ಮರುದಿನ ಅವ್ವ ಅರ್ಧ ಬಟ್ಟಲ ತುಪ್ಪ ಕಡಾ ತಂದು
ಮೂರಕ್ಕಾಗೂವಷ್ಟೇ ಕಲಸಿ
ನನ್ನ ಬಾಚಣಿಕಿ ಕುದಿನೀರಾಗ ಅದ್ದಿ ತೊಳದು
ಒಂದೊಂದರ ಮ್ಯಾಲ ಗೆರಿ ಒತ್ತಿದಳು,
ಅವರ ಸಹಿ, ಹುಬೇಹೂಬು.
ಮೂರಕ್ಕಂತ ಮತ್ತ ಭಟ್ಟಿತನಕ ಹೋದಳು ಬಿಸಿಲಾಗ.
ಲಾಡ್ಲೇಸಾಬ ರೊಕ್ಕ ತಗೊಳ್ಳಲಿಲ್ಲ, ನಕ್ಕನಂತ.
ಡಬ್ಬಿ ತುಂಬಿಸಿ ಆಪಾಗ ಮುಟ್ಟಿಸಿ ಬಂದು
ಯಾರಿಗೂ ಹೇಳಬ್ಯಾಡ್ರಿ ಅಂದಳು.

ನಮ್ಮ ಡಬ್ಬಿ ಎರಡು ದಿನ ಬಿಟ್ಟು ಬಂತು.
ತುಂಬಿತ್ತು, ಒಂದೂ ಕಮ್ಮಿ ಇದ್ದಿಲ್ಲ.
ಅವ್ವ ಎಣಿಸಕೋತ ಎಣಿಸಕೋತ ನಡುವ ನಿಂತಳು.
ಹನ್ನೊಂದು ಖಟಾಯಿ ಮ್ಯಾಲ
ಎರಡೇ ಮೊಳಕಿ.

ಅವರ ಮನಿಯಾಗ ಎರಡು ತೂತಿನ ಗುಂಡಿ ಇತ್ತು ಕಾಣತಾದ.

ನಕ್ಕಳೋ ಏನೋ, ಸೆರಗು ಬಾಯಿಗಿ ಇಟ್ಟಿದ್ದಳು.
ಆ ಹನ್ನೊಂದು ಬ್ಯಾರೆ ಡಬ್ಬಿಗಿ ಹೋದವು,
ಮ್ಯಾಲಿನ ಮಾಡಿನಾಗ, ನಮಗ ಎಟುಕಲಾರದಂಗ.
(ಎಟುಕಿದವು. ಬಂಡೆಪ್ಪ ಒಂದು ಕದ್ದ.
ದಸರಾದಾಗ. ಮೆತ್ತಗಾಗಿತ್ತಂತ.)

ಈಗ ನನ್ನ ಅಡಗಿಮನಿಯಾಗ ಸ್ವಂತ ಓವನ್ನು.
ಕರೆಂಟ್ ಇದ್ರ ಭಟ್ಟಿ, ಹೋದ್ರ ಬರೇ ಡಬ್ಬಿ.
ತಳ ಕರಕಾಗತಾವ. ಒಮ್ಮೊಮ್ಮಿ ಒಂದಕ್ಕೊಂದು ಅಂಟಿ
ಕೂಡುಕುಟುಂಬ ಆಗತಾವ.
ಡಾಲ್ಡಾ ಬಿಟ್ಟು ಬೆಣ್ಣಿ ಹಿಡದೀನಿ,
ಚೂರು ನೀರಾಗ ಬಿಟ್ಟು ನೋಡೂದು ಬಿಟ್ಟಿಲ್ಲ.
ಬೆರಕಿ ಆಗಲಿಕ್ಕ ಇನ್ನೊಬ್ಬರ ಟ್ರೇ ಇಲ್ಲಿಲ್ಲ,
ಖರೇ ಅಂದ್ರ ಗುರುತೇ ಬ್ಯಾಡ.
ಒತ್ತತೀನಿ. ಅದೇ ಗುಂಡಿ, ಅಂಚು ಒಡದಾದ.
ಕಡೀ ಸಾಲಿಗಿ ಬ್ಯಾರೆ ಗುಂಡಿ ತಗೋತೀನಿ.

ಮಗಳು ಸ್ಟೂಲ್ ಹತ್ತಿ ಎಣಿಸತಾಳ.
"ಮಮ್ಮಿ, ಈ ಸಾಲು ತಪ್ಪ್ಯಾದ. ಎರಡೆರಡೇ ಅವ."
"ಇರಲಿ ಬಿಡು. ಅವು ಬ್ಯಾರೆ ಮನೀವು."
"ಯಾರ ಮನೀವು?"

ಅಷ್ಟರಾಗ ಕರೆಂಟ್ ಹೋತು.