ಎಂಬತ್ತರ ಕೆಳಗೆ

ಮೊದಲು ಗೋಡೆಯ ಪ್ಲಗ್ಗು ಕಿತ್ತೆ.
ಕರೆಂಟಿದ್ದಾಗ ತಂತಿಗೆ ಕೈ ಹಾಕಬಾರದೆಂದು ಗೊತ್ತಿದ್ದೂ
ಒಮ್ಮೆ ಒಂದು ಆಂಪ್ಲಿಫೈಯರನ್ನು ಸುಟ್ಟವಳು ನಾನು;
ಆ ವಾಸನೆ ಇನ್ನೂ ಪರದೆಯಲ್ಲಿದೆ ಎನ್ನುತ್ತಾನೆ ಅಪ್ಪ.

ಹೊರಗೆ ಉಲಾನ್‌ಬಾತರ್, ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಕಲ್ಲಿದ್ದಲ ಹೊಗೆ ಐದನೆಯ ಮಹಡಿಯ ಕಿಟಕಿಗೆ ಹಣೆ ಒತ್ತಿ ನಿಂತಿದೆ.
ಒಳಗೆ ನೆಲದ ಮೇಲೆ ನಾನು, ಬಾಯಲ್ಲಿ ಟಾರ್ಚು,
ಮುಂದೆ, ನಾರನ್‌ತೂಲ್ ಸಂತೆಯಿಂದ ಹೊತ್ತು ತಂದ ಸಬ್‌ವೂಫರು:
ಒಂದು ಮೂಲೆ ಜಜ್ಜಿದ ಕರಿ ಪೆಟ್ಟಿಗೆ,
ಕುರಿಮರಿಯಷ್ಟು ಭಾರ.

ಅಪ್ಪನ ಆಂಪ್ಲಿಫೈಯರು ಹಳೇ ಕಾಲದ್ದು,
ಸಬ್‌ವೂಫರಿಗೆಂದು ಬೇರೆ ತೂತು ಅದಕ್ಕಿಲ್ಲ.
ಇಲ್ಲದಿದ್ದರೇನು,
ಸ್ಪೀಕರಿನ ತಂತಿ ಬಿಗಿದ ತಿರುಪಿಗೇ
ಇನ್ನೊಂದು ಜೋಡಿ ಸುತ್ತಿ ಪೆಟ್ಟಿಗೆಯ ಬೆನ್ನಿಗೆ ಎಳೆದೆ.
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.
ಎಳೆಯೊಂದು ಚಾಚಿ ಪಕ್ಕದ್ದನ್ನು ಮುಟ್ಟದ ಹಾಗೆ
ಎಂಜಲು ಹಚ್ಚಿ ಹೊಸೆದೆ, ಸೂಜಿಗೆ ದಾರ ಪೋಣಿಸುವವಳಂತೆ.

"ಒಂದೇ ಆಡಿಗೆ ಮೂರನೇ ಮರಿ ಬಿಟ್ಟೆಯಲ್ಲ,
ಮೊದಲಿನವೆರಡಕ್ಕೆ ಹಾಲು ಸಾಲುತ್ತಾ?"
ಆಪರೇಷನ್ನಿನ ಮೇಲೆ ಅವನ ದನಿ
ಕಾಗದಕ್ಕೆ ಕಾಗದ ಉಜ್ಜಿದ ಸದ್ದು.
"ಇದು ಕುಡಿಯೋದಿಲ್ಲಪ್ಪ, ಬರೀ ಮೂಸುತ್ತೆ.
ಇದರ ಊಟ ಗೋಡೆಯಿಂದ ಬೇರೆ ಬರುತ್ತೆ."

ಹೋವ್ದಿನ ಕಡೆ, ಸರೋವರದ ದಂಡೆಯಲ್ಲಿ
ಅವನು ಹಾಡಿದ ಒಂದೇ ಕ್ಯಾಸೆಟ್ಟಿಗಾಗಿ ಇಷ್ಟೆಲ್ಲ.
ಒಂದು ಗಂಟಲು, ಎರಡು ದನಿ:
ಮೇಲೆ ಎಳೆಬಿಸಿಲಿನಂಥ ಸಿಳ್ಳೆ,
ಕೆಳಗೆ ಮಲಗಿದ ಒಂಟೆ ಗೊಣಗುವಂಥ ಖಾರ್ಖಿರಾ.
ಪುಟ್ಟ ಸ್ಪೀಕರುಗಳು ಇಷ್ಟು ವರ್ಷ ಸಿಳ್ಳೆಯನ್ನಷ್ಟೇ ಕೊಟ್ಟವು.
ಹದ್ದಿತ್ತು,
ಅದು ಕೂರುವ ಬಂಡೆಯಿರಲಿಲ್ಲ.

ಪೆಟ್ಟಿಗೆಯನ್ನು ಅಪ್ಪನ ಕುರ್ಚಿಯ ಮೇಲೆ ಕೂರಿಸಿ
ಯಾವುದೋ ಕುಣಿತದ ಟೇಪು ಹಾಕಿ
ಕೋಣೆಯ ಸುತ್ತ ಅಂಬೆಗಾಲಿಟ್ಟೆ.
ಎಲ್ಲಿ ಮಂದ್ರ ಹದವಾಗಿ ಕೇಳುತ್ತದೋ ಅಲ್ಲಿ ಅದಕ್ಕೆ ಜಾಗ.
ಕುರ್ಚಿ ಕಳೆದುಕೊಂಡ ಅಪ್ಪ ಬಾಗಿಲಿಗೆ ಒರಗಿ
ಸದ್ದಿಲ್ಲದೆ, ಹೆಗಲು ಕುಲುಕಿ ನಕ್ಕ,
ನಲವತ್ತಾರರ ಮಗಳು ಮತ್ತೆ ನೆಲಕ್ಕಿಳಿದದ್ದು ನೋಡಿ.
ಜಾಗ ಸಿಕ್ಕಿದ್ದು ಬೂಟುಗಳ ಪಕ್ಕ.

ಗುಂಡಿ ಎಂಬತ್ತಕ್ಕೆ.
ಇದರ ಕೆಳಗಿನದೆಲ್ಲ ನಿನ್ನದು ಎಂದೆ ಪೆಟ್ಟಿಗೆಗೆ.
ಫೇಸು ಸೊನ್ನೆಯಲ್ಲಿದ್ದಾಗ
ಅವೂ ಇದೂ ಒಂದನ್ನೊಂದು ನುಂಗಿಕೊಂಡು ಸಪ್ಪಗಾದವು,
ನೂರೆಂಬತ್ತಕ್ಕೆ ತಿರುಗಿಸಿದೆ:
ಕಪಾಟಿನ ಬೆಳ್ಳಿ ಬಟ್ಟಲು ತಾನಾಗಿ ನಡುಗಿತು.

ಆಮೇಲೆ ಆ ಕ್ಯಾಸೆಟ್ಟು.

ಬಂತು ದನಿ, ಬುಡಸಮೇತ.
ನಾನು ಅಪ್ಪನ ಮುಖ ನೋಡಿದೆ, ಅಳುತ್ತಾನೇನೋ ಎಂದು.
ಅವನು ತನ್ನ ಹಾಡಿಗೆ ಕಿವಿಯನ್ನೇ ಕೊಟ್ಟಿರಲಿಲ್ಲ.
ಕೈಯೆತ್ತಿದ.
"ಅದು… ಟ್ರಕ್ಕು."

ಹೌದು. ಖಾರ್ಖಿರಾದ ಅಡಿಯಲ್ಲಿ ಇನ್ನೂ ಒಂದು ಗುರುಗುರು,
ನಡುನಡುವೆ ಎಡವುತ್ತ.
"ಬಾಲ್ಜಿನ್ನ್ಯಾಮನದು. ಆರಿಸಿದರೆ ಆ ಚಳಿಗೆ ಮತ್ತೆ ಹತ್ತುತ್ತಿರಲಿಲ್ಲ."
ಹಾಡು ಮೂರನೇ ಸುತ್ತಿಗೆ ಹೊರಳಿದಾಗ
ಗುರುಗುರು ಉಬ್ಬಿತು, ತಗ್ಗಿತು.
"ನಿಮ್ಮಮ್ಮನ ಕಾಲು," ಎಂದ ಅಪ್ಪ.
"ಆಕ್ಸಿಲರೇಟರ್ ಮೇಲೆ. ಸಾಕು ಬಾ, ಅಂತ."

ಅಮ್ಮನ ದನಿ ಯಾವ ಟೇಪಿನಲ್ಲೂ ಇಲ್ಲ.
ಮೈಕು ಹಿಡಿದರೆ ಮುಖ ತಿರುವಿ
ಹಾಲು ಕಾಯಿಸಲು ಹೋಗುತ್ತಿದ್ದಳು.

ಈಗ ನೆಲದಿಂದ ನನ್ನ ಮೊಣಕಾಲಿಗೆ, ಮೊಣಕಾಲಿಂದ ಹೊಟ್ಟೆಗೆ
ಮತ್ತೊಮ್ಮೆ ಉಬ್ಬಿತು ಅದು.
ಕೆಳಮನೆಯ ತ್ಸೆವೆಲ್ಮಾ ನೀರಿನ ಕೊಳವೆಗೆ
ಚಮಚದಿಂದ ಟಣಟಣ ಬಡಿದಳು.
"ಕಡಿಮೆ ಮಾಡಲಾ?"

"ಇರು. ಮೂರನೇ ಸಲ ಒತ್ತುತ್ತಾಳೆ,
ಆಗ ಎದ್ದು ಹೋದೆ."

ಕಾದೆವು, ಇಬ್ಬರೂ.